ಚರ್ಮವೂ ಒಳರೋಗವೂ

ದೂರದ ಬೆಟ್ಟದ ಮೇಲೆ ಹೊಗೆಯೇಳುವುದನ್ನು ಕಂಡವನು ಅಲ್ಲಿ ಬೆಂಕಿಯಿದೆಯೆಂದು ಊಹಿಸುತ್ತಾನೆ. ಬೆಂಕಿಯನ್ನು ಅವನು ಕಣ್ಣಾರೆ ಕಂಡಿಲ್ಲ. ಆದರೂ ಅವನ ತಿಳಿವಳಿಕೆ ಸುಳ್ಳಲ್ಲ. ನಮ್ಮ ತರ್ಕಶಾಸ್ತ್ರವನ್ನು ಓದುವವರು ಅನುಮಾನಪ್ರಮಾಣಕ್ಕೆ ಮೊದಲನೆಯ ಉದಾಹರಣೆಯಾಗಿ ಕಲಿಯುವುದು ಇದನ್ನೇ. ಆದರೆ ಆ ಶಾಸ್ತ್ರಕಾರರು ಅಷ್ಟಕ್ಕೇ ನಿಲ್ಲದೆ ಎರಡು ಎಚ್ಚರಿಕೆಗಳನ್ನೂ ಕೊಟ್ಟಿದ್ದಾರೆ. ಮಂಜನ್ನೋ ಧೂಳನ್ನೋ ಹೊಗೆಯೆಂದು ಭ್ರಮಿಸಿದವನ ಅನುಮಾನವು ಕೆಡುತ್ತದೆ ಎಂಬುದು ಒಂದು. ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಆದಕಾರಣ ಹೊಗೆ ಕಾಣದ ಮಾತ್ರಕ್ಕೆ ಬೆಂಕಿಯೇ ಇಲ್ಲವೆಂದು ನಿಶ್ಚಯಿಸಲಾಗದು ಎಂಬುದು ಮತ್ತೊಂದು.

ಈ ಹೊತ್ತು ನಾವು ಪ್ರಸ್ತಾಪಿಸಬೇಕೆಂದಿರುವುದು ಇಂತಹುದೇ ಒಂದು ಅನುಮಾನವನ್ನು. ಹೊಟ್ಟೆಯಲ್ಲಿಯೋ ಶ್ವಾಸಕೋಶದಲ್ಲಿಯೋ ಅಂಡಾಶಯದಲ್ಲಿಯೋ ಕ್ಯಾನ್ಸರ್ ರೋಗವು ಹುಟ್ಟಿ, ನೋವನ್ನಾಗಲಿ ಬಾವನ್ನಾಗಲಿ ತೋರದೆ ಗುಟ್ಟಾಗಿ ಬೆಳೆಯುತ್ತಿರುವಾಗ, ಅದರ ಸುಳಿವು ಕೆಲವೊಮ್ಮೆ ಮೈಮೇಲಿನ ಚರ್ಮದಲ್ಲಿ ಮೊದಲು ಕಾಣಿಸಿಕೊಳ್ಳುವುದುಂಟು. ಈ ಸುಳಿವುಗಳು ಯಾವುವು, ಅವು ಏತಕ್ಕೆ ಹುಟ್ಟುತ್ತವೆ, ಅವುಗಳನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದೇ ನಮ್ಮ ವಿಷಯ. ನಾವು ವೈದ್ಯರಲ್ಲ. ವೈದ್ಯರು ಸುಮಾರು ನೂರೈವತ್ತು ವರ್ಷಗಳಿಂದ ನೋಡಿ, ಪರೀಕ್ಷಿಸಿ, ಬರೆದಿಟ್ಟಿರುವುದನ್ನು ಕನ್ನಡದಲ್ಲಿ ತಿಳಿಯಹೇಳುವುದಷ್ಟೇ ನಮ್ಮ ಕೆಲಸ. ಮೊದಲೇ ಒಂದು ಮಾತು: ನಮ್ಮ ಮೈಮೇಲೆ ಏಳುವ ಗುಳ್ಳೆ, ಕಲೆ, ನವೆಗಳಲ್ಲಿ ಬಹುಪಾಲು ಒಳರೋಗಕ್ಕೆ ಸಂಬಂಧಪಟ್ಟವೇ ಅಲ್ಲ. ಈ ಭಾಷಣವನ್ನು ಕೇಳಿ ಯಾರೂ ರಾತ್ರಿಯ ನಿದ್ದೆಯನ್ನು ಕಳೆದುಕೊಳ್ಳಬೇಕಾಗಿಲ್ಲ.

ಚರ್ಮವೆಂದರೆ ಒಳಗಿನ ಅಂಗಾಂಗಗಳನ್ನು ಮುಚ್ಚಿಟ್ಟಿರುವ ಬರಿಯ ಹೊದಿಕೆಯೆಂದು ನಾವು ಭಾವಿಸುವುದು ವಾಡಿಕೆ. ಅದು ಸರಿಯಲ್ಲ. ಚರ್ಮವೂ ಒಂದು ಅಂಗ. ಅದಕ್ಕೂ ರಕ್ತದ ಹರಿವುಂಟು, ನರಗಳುಂಟು, ಸದಾ ಸತ್ತು ಹುಟ್ಟುವ ಜೀವಕೋಶಗಳುಂಟು. ರಕ್ತದಲ್ಲಿ ಏನು ಬೆರೆತರೂ ಅದು ಚರ್ಮವನ್ನು ಮುಟ್ಟದೆ ಇರದು. ಹೀಗಾಗಿ ಒಳಗಿನ ಕ್ಯಾನ್ಸರಿನ ಸಮಾಚಾರವು ಚರ್ಮಕ್ಕೆ ಬಂದು ಮುಟ್ಟಲು ಮುಖ್ಯವಾಗಿ ಮೂರು ದಾರಿಗಳಿವೆ. ರೋಗದ ಜೀವಕೋಶಗಳೇ ಚರ್ಮಕ್ಕೆ ಬಂದು ಸೇರುವುದು ಮೊದಲನೆಯದು. ಗಡ್ಡೆಯು ಸ್ರವಿಸಿದ ಯಾವುದೋ ರಸವು ರಕ್ತದಲ್ಲಿ ಹರಿದು ಬಂದು ಚರ್ಮವನ್ನು ಮಾರ್ಪಡಿಸುವುದು ಎರಡನೆಯದು. ಗಡ್ಡೆಯ ಮೇಲೆ ಯುದ್ಧಕ್ಕೆ ಹೊರಟ ದೇಹದ ರಕ್ಷಣಾಶಕ್ತಿಯು ಗುರಿತಪ್ಪಿ ಚರ್ಮವನ್ನೂ ಗಾಯಗೊಳಿಸುವುದು ಮೂರನೆಯದು. ಈ ಮೂರನ್ನೂ ಒಂದೊಂದಾಗಿ ನೋಡೋಣ.

ಮೊದಲನೆಯ ದಾರಿಗೆ ಪ್ರಸಿದ್ಧವಾದ ಉದಾಹರಣೆಯನ್ನು 1874ರಲ್ಲಿ ಲಂಡನ್ನಿನ ಸೇಂಟ್ ಬಾರ್ತಲೋಮ್ಯೂ ಆಸ್ಪತ್ರೆಯ ಸರ್ ಜೇಮ್ಸ್ ಪ್ಯಾಜೆಟ್ ಎಂಬ ಶಸ್ತ್ರವೈದ್ಯರು ಪ್ರಕಟಿಸಿದರು. ಅವರು ಸುಮಾರು 15 ಮಂದಿ ಸ್ತ್ರೀಯರನ್ನು ನೋಡಿದ್ದರು. ಎಲ್ಲರಿಗೂ ಮೊಲೆತೊಟ್ಟಿನ ಮೇಲೂ ಅದರ ಸುತ್ತಣ ಕಪ್ಪು ವರ್ತುಲದ ಮೇಲೂ ಇಸುಬಿನಂತಹ ಒಂದು ಹುಣ್ಣು. ಚರ್ಮ ಕೆಂಪಾಗಿ ಹಸಿಹಸಿಯಾಗಿರುವುದು, ನವೆ, ಉರಿ, ಒಮ್ಮೊಮ್ಮೆ ಹಕ್ಕಳೆಗಟ್ಟುವುದು, ಇಷ್ಟೇ ಅದರ ಲಕ್ಷಣ. ನೋಡಿದವರಿಗೆ ಅದೊಂದು ಸಾಮಾನ್ಯವಾದ ಚರ್ಮರೋಗ. ಆದರೆ ಅವರಲ್ಲಿ ಪ್ರತಿಯೊಬ್ಬರಿಗೂ ಹೆಚ್ಚೆಂದರೆ ಎರಡು ವರ್ಷಗಳೊಳಗೆ ಅದೇ ಸ್ತನದಲ್ಲಿ ಕ್ಯಾನ್ಸರ್ ಕಾಣಿಸಿಕೊಂಡಿತು. ಇಂದು ಆ ರೋಗಕ್ಕೆ ಪ್ಯಾಜೆಟ್ಟರ ಹೆಸರೇ ನಿಂತಿದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ತೊಟ್ಟಿನ ಚರ್ಮದೊಳಗೆ ಕ್ಯಾನ್ಸರಿನ ಜೀವಕೋಶಗಳೇ ಕಾಣುವುವು. ಬಹುಪಾಲು ರೋಗಿಗಳಲ್ಲಿ ಆ ಹೊತ್ತಿಗಾಗಲೇ ಸ್ತನದ ಒಳಗೂ ರೋಗವಿರುತ್ತದೆ.

ನಿಜವಾದ ಇಸುಬಿಗೂ ಇದಕ್ಕೂ ಭೇದವೇನೆಂದರೆ, ಇಸುಬು ಸಾಮಾನ್ಯವಾಗಿ ಎರಡು ಕಡೆಗೂ ಬರುವುದು, ತೊಟ್ಟನ್ನು ಬಿಟ್ಟು ಸುತ್ತಣ ಚರ್ಮವನ್ನು ಹಿಡಿಯುವುದು, ಮುಲಾಮಿಗೆ ಬಗ್ಗುವುದು. ಪ್ಯಾಜೆಟ್ ರೋಗವೋ ಹೆಚ್ಚಾಗಿ ಒಂದೇ ಕಡೆಗೆ ಬರುವುದು, ತೊಟ್ಟಿನಿಂದಲೇ ಹೊರಟು ಹರಡುವುದು, ಮುಲಾಮನ್ನು ಹಚ್ಚಿದಾಗ ಕೊಂಚ ತಗ್ಗಿದಂತೆ ತೋರಿದರೂ ಪೂರಾ ಮಾಯದು. ಇಲ್ಲಿ ನಮ್ಮ ಮನೆಗಳ ಒಂದು ಸಂಗತಿಯನ್ನು ಹೇಳದೆ ವಿಧಿಯಿಲ್ಲ. ಇಂತಹ ಜಾಗದ ಹುಣ್ಣನ್ನು ಹೆಂಗಸರು ಗಂಡನಿಗೂ ಹೇಳದೆ, ತಾಯಿಗೂ ತೋರಿಸದೆ, ಸೆರಗಿನ ಮರೆಯಲ್ಲಿ ತಿಂಗಳುಗಟ್ಟಲೆ ಮುಚ್ಚಿಟ್ಟುಕೊಳ್ಳುತ್ತಾರೆ. ಲಜ್ಜೆಯು ಒಳ್ಳೆಯ ಗುಣವೇ ಇರಬಹುದು; ಆದರೆ ಈ ಒಂದು ವಿಷಯದಲ್ಲಿ ಅದು ಪ್ರಾಣಕ್ಕೆ ಎರವಾಗುತ್ತದೆ. ಒಂದೇ ಮೊಲೆತೊಟ್ಟಿನ ಹುಣ್ಣು ಕೆಲವು ವಾರಗಳಲ್ಲಿ ವಾಸಿಯಾಗದೆ ಹೋದರೆ, ಅದರ ಚೂರನ್ನು ತೆಗೆದು ಪರೀಕ್ಷಿಸುವವರೆಗೆ ಅದನ್ನು ಇಸುಬೆಂದು ಕರೆಯಬಾರದು.

ಇದೇ ದಾರಿಯ ಇನ್ನೊಂದು ಗುರುತು ಹೊಕ್ಕುಳಿಗೆ ಸಂಬಂಧಿಸಿದ್ದು. ಅಮೆರಿಕಾ ದೇಶದ ರಾಚೆಸ್ಟರ್ ನಗರದ ಸೇಂಟ್ ಮೇರಿ ಆಸ್ಪತ್ರೆಯಲ್ಲಿ ವಿಲಿಯಂ ಮೇಯೋ ಎಂಬ ಹೆಸರಾಂತ ಶಸ್ತ್ರವೈದ್ಯರಿಗೆ ಸಿಸ್ಟರ್ ಮೇರಿ ಜೋಸೆಫ್ ಎಂಬ ಕ್ರೈಸ್ತ ಸಂನ್ಯಾಸಿನಿಯು ಬಹುಕಾಲ ಸಹಾಯಕಿಯಾಗಿದ್ದರು. ಹೊಟ್ಟೆಯ ಶಸ್ತ್ರಚಿಕಿತ್ಸೆಗೆ ಮುಂಚೆ ರೋಗಿಯ ಚರ್ಮವನ್ನು ತೊಳೆದು ಸಿದ್ಧಪಡಿಸುವುದು ಅವರ ಕೆಲಸಗಳಲ್ಲೊಂದು. ಹಾಗೆ ತೊಳೆಯುವಾಗ ಕೆಲವರ ಹೊಕ್ಕುಳಲ್ಲಿ ಗಟ್ಟಿಯಾದ ಸಣ್ಣ ಗಂಟೊಂದು ಕೈಗೆ ಸಿಕ್ಕುವುದನ್ನೂ, ಅಂತಹವರ ಹೊಟ್ಟೆಯೊಳಗೆ ಕ್ಯಾನ್ಸರ್ ಹರಡಿಕೊಂಡಿರುವುದನ್ನೂ ಅವರು ಗಮನಿಸಿದರೆಂದು ಹೇಳುವರು. ಮೇಯೋ 1928ರಲ್ಲಿ ಈ ಗುರುತನ್ನು ಕುರಿತು ಬರೆದರು. ಆ ತಾಯಿ 1939ರಲ್ಲಿ ತೀರಿಕೊಂಡರು. 1949ರಲ್ಲಿ ಹ್ಯಾಮಿಲ್ಟನ್ ಬೇಲಿ ಎಂಬ ಇಂಗ್ಲಿಷ್ ಶಸ್ತ್ರವೈದ್ಯರು ತಮ್ಮ ಗ್ರಂಥದಲ್ಲಿ ಆ ಗಂಟಿಗೆ ಅವರ ಹೆಸರನ್ನೇ ಇಟ್ಟರು. ಜಠರ, ಕರುಳು, ಮೇದೋಜೀರಕ, ಅಂಡಾಶಯ ಇವುಗಳ ಕ್ಯಾನ್ಸರ್ ಹೀಗೆ ಹೊಕ್ಕುಳಿಗೆ ಬರುವುದುಂಟು. ಇದು ರೋಗವು ಮುಂದುವರಿದಿರುವುದರ ಗುರುತೆಂಬುದು ನಿಜ. ಆದರೂ ರೋಗಿಯನ್ನು ಪ್ರತಿದಿನವೂ ಮುಟ್ಟಿ ಶುಶ್ರೂಷೆ ಮಾಡುವ ಕೈಗಳು ಏನನ್ನು ಕಾಣಬಲ್ಲವು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವು ಸಿಕ್ಕುವುದು ಕಷ್ಟ.

ಇನ್ನು ಎರಡನೆಯ ದಾರಿ. ಕತ್ತಿನ ಹಿಂಭಾಗ, ಕಂಕುಳು, ತೊಡೆಯ ಸಂದು ಇಲ್ಲೆಲ್ಲ ಚರ್ಮವು ಕಪ್ಪಾಗಿ, ದಪ್ಪನಾಗಿ, ಮುಟ್ಟಿದರೆ ಮಕಮಲ್ಲಿನಂತೆ ತೋರುವ ಒಂದು ಸ್ಥಿತಿಯುಂಟು. ವೈದ್ಯರು ಇದನ್ನು ಅಕಾಂಥೋಸಿಸ್ ನೈಗ್ರಿಕಾನ್ಸ್ ಎಂಬ ಉದ್ದನೆಯ ಹೆಸರಿನಿಂದ ಕರೆಯುತ್ತಾರೆ. ನಾವು ಕತ್ತಿನ ಕಪ್ಪು ಎನ್ನೋಣ. 1890ರ ಸುಮಾರಿಗೆ ಪೊಲಿಟ್ಜರ್, ಯಾನೋವ್‌ಸ್ಕಿ ಎಂಬ ಇಬ್ಬರು ವೈದ್ಯರು ಒಬ್ಬರಿಗೊಬ್ಬರು ತಿಳಿಯದಂತೆ ಇದನ್ನು ವರ್ಣಿಸಿದರು. ಜಠರದ ಕ್ಯಾನ್ಸರಿಗೂ ಇದಕ್ಕೂ ಇರುವ ನಂಟು ಕಾಲಕ್ರಮದಲ್ಲಿ ಸ್ಥಿರಪಟ್ಟಿತು.

ಇಷ್ಟನ್ನು ಕೇಳಿದೊಡನೆ ಶ್ರೋತೃಗಳಲ್ಲಿ ಹಲವರು ತಮ್ಮ ಕತ್ತನ್ನು ಮುಟ್ಟಿ ನೋಡಿಕೊಂಡಿರಬಹುದು. ಅವರಿಗೆ ನಾವು ಸಮಾಧಾನ ಹೇಳಬೇಕಾಗಿದೆ. ತರ್ಕಶಾಸ್ತ್ರದ ಮಂಜು ಇಲ್ಲಿಯೇ ಕವಿಯುವುದು. ನಮ್ಮ ದೇಶದಲ್ಲಿ ಕತ್ತಿನ ಕಪ್ಪು ಅತಿ ಸಾಮಾನ್ಯ. ಅದರಲ್ಲಿ ಬಹು ಹೆಚ್ಚಿನ ಪಾಲು ಕ್ಯಾನ್ಸರಿನಿಂದ ಬಂದುದಲ್ಲ. ಮೈತೂಕ ಹೆಚ್ಚಿದವರಲ್ಲಿಯೂ ಮಧುಮೇಹದ ಕಡೆಗೆ ವಾಲಿರುವವರಲ್ಲಿಯೂ ಇನ್‌ಸುಲಿನ್ ಎಂಬ ರಸವು ತನ್ನ ಕೆಲಸವನ್ನು ಸರಿಯಾಗಿ ಮಾಡಲಾರದೆ ರಕ್ತದಲ್ಲಿ ಮಿತಿಮೀರಿ ತುಂಬಿಕೊಳ್ಳುತ್ತದೆ. ಅದು ಚರ್ಮದ ಜೀವಕೋಶಗಳನ್ನು ಕೆರಳಿಸಿ ಬೆಳೆಯಿಸುತ್ತದೆ. ಆದಕಾರಣ ಎಳೆವಯಸ್ಸಿನಿಂದ ನಿಧಾನವಾಗಿ ಬಂದ ಕತ್ತಿನ ಕಪ್ಪು ಕ್ಯಾನ್ಸರಿನ ಕಡೆಗಲ್ಲ, ಸಕ್ಕರೆಯ ಕಡೆಗೆ ಬೆರಳು ತೋರುತ್ತದೆ. ಅದನ್ನು ಕೊಳೆಯೆಂದು ಭಾವಿಸಿ ಮಕ್ಕಳ ಕತ್ತನ್ನು ಸೀಗೆಪುಡಿ ಹಾಕಿ ಉಜ್ಜುವುದರಿಂದ ಫಲವಿಲ್ಲ. ರಕ್ತದ ಸಕ್ಕರೆಯನ್ನು ಪರೀಕ್ಷಿಸುವುದು ಒಳ್ಳೆಯದು.

ಹಾಗಾದರೆ ಭಯಪಡತಕ್ಕ ಕಪ್ಪು ಯಾವುದು? ಐವತ್ತನ್ನು ದಾಟಿದ, ಕೃಶವಾದ ಮೈಕಟ್ಟಿನ ಒಬ್ಬ ಮನುಷ್ಯ, ಸಕ್ಕರೆರೋಗವಿಲ್ಲ. ಎರಡು ಮೂರು ತಿಂಗಳಲ್ಲಿಯೇ ಕತ್ತು, ಕಂಕುಳುಗಳು ಕಪ್ಪಾಗಿ ಒರಟಾದುವು, ನವೆಯೂ ಉಂಟು. ತುಟಿ, ನಾಲಗೆ, ಬಾಯಿಯ ಒಳಭಾಗಗಳಲ್ಲಿ ಸಣ್ಣ ಸಣ್ಣ ನರೂಲಿಯಂತಹ ಬೆಳವಣಿಗೆ. ಅಂಗೈಯ ಚರ್ಮವು ದಪ್ಪನಾಗಿ, ಗೆರೆಗಳು ಆಳವಾಗಿ, ನೆರಿಗೆಗಟ್ಟಿದ ಮಕಮಲ್ಲಿನಂತಾಯಿತು. ಜೊತೆಗೆ ಊಟ ಸೇರದು, ಮೈ ಇಳಿಯುತ್ತಿದೆ. ಇಂತಹ ಸ್ಥಿತಿಯನ್ನು ಕಂಡ ವೈದ್ಯರು ಒಡನೆಯೇ ಜಠರದ ಕಡೆಗೆ ಗಮನ ಕೊಡುತ್ತಾರೆ. ಅಂಗೈಯೊಂದೇ ಹೀಗಾಗಿದ್ದರೆ ಶ್ವಾಸಕೋಶವನ್ನೂ ನೋಡುತ್ತಾರೆ.

ಎಲ್ಲಿಯೋ ಹೊಟ್ಟೆಯಲ್ಲಿರುವ ಗಡ್ಡೆಯು ಕತ್ತಿನ ಚರ್ಮವನ್ನು ಹೇಗೆ ಕಪ್ಪಾಗಿಸೀತು? ಕೆಲವು ಗಡ್ಡೆಗಳು ಜೀವಕೋಶಗಳನ್ನು ಬೆಳೆಯಿಸುವ ಪದಾರ್ಥಗಳನ್ನು ರಕ್ತಕ್ಕೆ ಬಿಡುತ್ತವೆ. ಚರ್ಮದ ಜೀವಕೋಶಗಳ ಮೈಮೇಲೆ ಆ ಪದಾರ್ಥಗಳು ಬಂದು ಹೊಂದಿಕೊಳ್ಳುವ ತಾಣಗಳುಂಟು. ಬೀಗಕ್ಕೆ ಕೀಲಿಕೈ ಹೊಂದುವಂತೆ ಅವು ಹೊಂದಿಕೊಂಡೊಡನೆ ಚರ್ಮವು ಬೇಡದಿದ್ದರೂ ಬೆಳೆಯತೊಡಗುತ್ತದೆ. 1987ರಲ್ಲಿ ಅಮೆರಿಕಾದ ವೈದ್ಯರು ಇಂತಹ ಒಬ್ಬ ರೋಗಿಯ ಮೂತ್ರದಲ್ಲಿ ಅಂತಹ ಒಂದು ಪದಾರ್ಥವು ಹೆಚ್ಚಾಗಿರುವುದನ್ನೂ, ಗಡ್ಡೆಯನ್ನು ತೆಗೆದ ಮೇಲೆ ಅದು ಇಳಿದುದನ್ನೂ, ಅದರೊಡನೆ ಚರ್ಮದ ವಿಕಾರವೂ ತಗ್ಗಿದುದನ್ನೂ ವರದಿ ಮಾಡಿದರು. ಮೇದೋಜೀರಕದಲ್ಲಿ ಹುಟ್ಟುವ ಒಂದು ಅಪೂರ್ವವಾದ ಗಡ್ಡೆಯು ಗ್ಲೂಕಗಾನ್ ಎಂಬ ರಸವನ್ನು ಅತಿಯಾಗಿ ಸುರಿಸಿ, ತೊಡೆಯ ಸಂದು, ಪೃಷ್ಠ, ಬಾಯಿಯ ಸುತ್ತ ಜಾಗದಿಂದ ಜಾಗಕ್ಕೆ ಸರಿಯುವ ಕೆಂಪು ಹುಣ್ಣುಗಳನ್ನು ಎಬ್ಬಿಸುವುದೂ ಇದೇ ಬಗೆಯದು.

ಮೂರನೆಯ ದಾರಿಯು ಇನ್ನೂ ವಿಚಿತ್ರವಾದುದು. ಡರ್ಮಟೋಮೈಯೋಸೈಟಿಸ್ ಎಂಬ ರೋಗದಲ್ಲಿ ಕಣ್ಣಿನ ಮೇಲುರೆಪ್ಪೆಗಳು ಊದಿ ನೇರಿಳೆಯ ಛಾಯೆಯನ್ನು ತಾಳುವುವು. ಬೆರಳಗೆಣ್ಣುಗಳ ಮೇಲೆ ನೇರಿಳೆ ಬಣ್ಣದ ದದ್ದುಗಳು ಏಳುವುವು. ಕತ್ತು, ಎದೆ, ಬೆನ್ನಿನ ಮೇಲುಭಾಗಗಳು ಬಿಸಿಲಿಗೆ ಬೆಂದಂತಾಗುವುವು. ಇದರ ಜೊತೆಗೋ ಕೆಲವು ಕಾಲದ ಮೇಲೋ ಮಾಂಸಖಂಡಗಳು ಸೋಲುವುವು: ಕುಳಿತಲ್ಲಿಂದ ಏಳಲಾರದು, ಮೆಟ್ಟಿಲು ಹತ್ತಲಾರದು, ತಲೆ ಬಾಚಲು ಕೈಯೆತ್ತಲಾರದು. ಪಾಶ್ಚಾತ್ಯ ಗ್ರಂಥಗಳಲ್ಲಿರುವ ಬಣ್ಣದ ವರ್ಣನೆಗಳು ಬಿಳಿಯ ಚರ್ಮವನ್ನು ನೋಡಿ ಬರೆದವು. ನಮ್ಮ ಕಂದು ಮೈಯಲ್ಲಿ ಆ ಕೆಂಪೂ ನೇರಿಳೆಯೂ ಬರಿಯ ಕಪ್ಪಾಗಿ ತೋರಬಹುದೆಂಬುದನ್ನು ನೆನಪಿನಲ್ಲಿಡತಕ್ಕದ್ದು. ದೊಡ್ಡವರಿಗೆ ಬಂದ ಈ ರೋಗಕ್ಕೂ ಕ್ಯಾನ್ಸರಿಗೂ ನಂಟುಂಟೆಂಬ ಸಂದೇಹವು 1916ರಲ್ಲಿಯೇ ಹುಟ್ಟಿತ್ತು. 2001ರಲ್ಲಿ ಸ್ವೀಡನ್, ಡೆನ್ಮಾರ್ಕ್, ಫಿನ್ಲೆಂಡ್ ದೇಶಗಳ ದಾಖಲೆಗಳನ್ನು ಒಟ್ಟುಗೂಡಿಸಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ 618 ರೋಗಿಗಳ ಪೈಕಿ 198 ಮಂದಿಗೆ ಕ್ಯಾನ್ಸರ್ ಇದ್ದಿತು. ಅವರಲ್ಲಿ 115 ಮಂದಿಗೆ ಅದು ಪತ್ತೆಯಾದುದು ಈ ರೋಗವನ್ನು ಗುರುತಿಸಿದ ಮೇಲೆ. ಅಂಡಾಶಯ, ಶ್ವಾಸಕೋಶ, ಮೇದೋಜೀರಕ, ಜಠರ, ಕರುಳು ಇವುಗಳ ಕ್ಯಾನ್ಸರುಗಳು ಅದರಲ್ಲಿ ಮುಖ್ಯವಾದುವು. ಲೆಕ್ಕದ ಮತ್ತೊಂದು ಮಗ್ಗುಲನ್ನೂ ನೋಡಬೇಕು: ಮೂರರಲ್ಲಿ ಎರಡು ಪಾಲು ರೋಗಿಗಳಿಗೆ ಕ್ಯಾನ್ಸರ್ ಇರಲಿಲ್ಲ. ಆದಕಾರಣ ಈ ರೋಗವು ಕಂಡುಬಂದ ದೊಡ್ಡವರನ್ನು, ಮೊದಲ ವರ್ಷದಲ್ಲಿ ವಿಶೇಷವಾಗಿಯೂ ಅನಂತರ ಕೆಲವು ವರ್ಷಗಳವರೆಗೂ, ವೈದ್ಯರು ಎಚ್ಚರಿಕೆಯಿಂದ ಪರೀಕ್ಷಿಸುತ್ತಾರೆ.

ಬಗೆಬಗೆಯ ಗುರುತುಗಳಲ್ಲಿ ಅತಿ ಸಾಧಾರಣವಾದುದು ನವೆ. ದದ್ದಿಲ್ಲ, ಗುಳ್ಳೆಯಿಲ್ಲ, ಆದರೆ ಮೈಯೆಲ್ಲ ನವೆ. ಹಾಡ್ಜ್‌ಕಿನ್ ಹೆಸರಿನ ದುಗ್ಧಗ್ರಂಥಿಗಳ ಕ್ಯಾನ್ಸರಿನಲ್ಲಿ, ಗಂಟುಗಳು ಕೈಗೆ ಸಿಕ್ಕುವುದಕ್ಕೆ ತಿಂಗಳುಗಳ ಮೊದಲೇ ಇಂತಹ ನವೆ ಬರುವುದುಂಟು. ಸ್ನಾನ ಮಾಡಿ ಮೈ ಒರಸಿಕೊಂಡೊಡನೆ ಮುಳ್ಳು ಚುಚ್ಚಿದಂತಹ ನವೆ ಪ್ರತಿದಿನವೂ ಬರುತ್ತಿದ್ದರೆ ಕೆಂಪುರಕ್ತಕಣಗಳು ಮಿತಿಮೀರಿ ಹೆಚ್ಚುವ ರಕ್ತರೋಗವಿರಬಹುದು. ಕಾಮಾಲೆಯೊಡನೆ ನವೆ ಬಂದರೆ ಪಿತ್ತನಾಳವನ್ನು ಏನೋ ಒತ್ತುತ್ತಿರಬಹುದು. ಆದರೆ ನವೆಯ ಸಾಮಾನ್ಯ ಕಾರಣಗಳು ಒಣಚರ್ಮ, ಕಜ್ಜಿ, ಹುಳುಕಡ್ಡಿ, ಔಷಧಿಗಳ ದೋಷ, ಮೂತ್ರಪಿಂಡ, ಯಕೃತ್ತು, ಥೈರಾಯ್ಡ್ ಗ್ರಂಥಿಯ ರೋಗಗಳು. ಇವನ್ನೆಲ್ಲ ನೋಡಿದ ಮೇಲೆಯೇ ಉಳಿದುದು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ನ್ಯಾಯವಾದ ಪ್ರಶ್ನೆ ಏಳುತ್ತದೆ. ಚರ್ಮರೋಗವೂ ಕ್ಯಾನ್ಸರೂ ಒಬ್ಬನಲ್ಲಿಯೇ ಕಾಣಿಸಿದರೆ, ಒಂದು ಮತ್ತೊಂದಕ್ಕೆ ಗುರುತೆಂದು ಹೇಗೆ ಹೇಳುವುದು? ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿರಬಾರದೇಕೆ? ಈ ಪ್ರಶ್ನೆಗೆ ಉತ್ತರವನ್ನು ಹುಡುಕಿದವರು ಹೆಲೆನ್ ಒಲೆನ್‌ಡಾರ್ಫ್ ಕರ್ತ್ ಎಂಬ ವೈದ್ಯೆ. 1899ರಲ್ಲಿ ಜರ್ಮನಿಯಲ್ಲಿ ಹುಟ್ಟಿ, 1931ರಲ್ಲಿ ಅಮೆರಿಕಾಕ್ಕೆ ಹೋಗಿ ನೆಲೆಸಿದ ಇವರು ಕತ್ತಿನ ಕಪ್ಪಿನ ವಿಷಯವಾಗಿ ದಶಕಗಳ ಕಾಲ ವ್ಯಾಸಂಗ ಮಾಡಿದರು. ಅವರು ಹಾಕಿಕೊಟ್ಟ ಒರೆಗಲ್ಲುಗಳು ಹೀಗಿವೆ. ಎರಡು ರೋಗಗಳೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ತಲೆದೋರಬೇಕು. ಒಂದರ ಗತಿಯನ್ನು ಮತ್ತೊಂದು ಅನುಸರಿಸಬೇಕು; ಗಡ್ಡೆಯನ್ನು ತೆಗೆದರೆ ಚರ್ಮ ತಿಳಿಯಾಗಬೇಕು, ಗಡ್ಡೆ ಮರುಕಳಿಸಿದರೆ ಚರ್ಮವೂ ಮರಳಿ ಕೆಡಬೇಕು. ಒಂದು ಬಗೆಯ ಚರ್ಮವಿಕಾರವು ಒಂದು ಬಗೆಯ ಕ್ಯಾನ್ಸರಿನೊಡನೆಯೇ ಕಾಣಬೇಕು. ಇತರ ಜನರಲ್ಲಿರುವುದಕ್ಕಿಂತ ಈ ಜೋಡಿಯು ಹೆಚ್ಚಾಗಿರುವುದನ್ನು ಲೆಕ್ಕವು ತೋರಿಸಬೇಕು. ಕುಲಪರಂಪರೆಯಿಂದ ಬಂದ ನಂಟೊಂದಿದ್ದರೆ ಅದನ್ನೂ ನೋಡಬೇಕು. ಎಲ್ಲ ಒರೆಗಳಿಗೂ ನಿಲ್ಲುವ ಗುರುತುಗಳು ಕೆಲವೇ. ಆದರೆ ಎಷ್ಟು ಒರೆಗಳಿಗೆ ನಿಂತರೆ ಅಷ್ಟು ನಂಬಿಕೆ.

ಒರೆಗೆ ನಿಂತುದಕ್ಕೆ ಒಂದು ದೃಷ್ಟಾಂತ. 1952ರಲ್ಲಿ ಗ್ಯಾಮೆಲ್ ಎಂಬ ವೈದ್ಯರು ಸ್ತನದ ಕ್ಯಾನ್ಸರಿದ್ದ ಒಬ್ಬ ಸ್ತ್ರೀಯನ್ನು ವರ್ಣಿಸಿದರು. ಆಕೆಯ ಮೈಮೇಲೆಲ್ಲ ಸೀಳಿದ ಮರದ ಹಲಗೆಯ ಗೆರೆಗಳಂತೆ ಸಾಲುಸಾಲಾಗಿ ಕೆಂಪು ಸುತ್ತುಗಳು ಎದ್ದಿದ್ದುವು. ಅವು ದಿನದಿಂದ ದಿನಕ್ಕೆ ಸರಿಯುತ್ತಿದ್ದುವು. ಗಡ್ಡೆಯನ್ನು ತೆಗೆದ ಮೇಲೆ ಆ ಗೆರೆಗಳು ಮಾಯವಾದುವು. ಇಷ್ಟು ಸ್ಪಷ್ಟವಾದ ಗುರುತು ಕೂಡ ಕ್ಯಾನ್ಸರಿಲ್ಲದ ಕೆಲವರಲ್ಲಿ, ಕ್ಷಯರೋಗಿಗಳಲ್ಲಿಯೂ ಸಹ, ಅನಂತರ ಕಂಡುಬಂದಿದೆ. ಒರೆಗೆ ಸರಿಯಾಗಿ ನಿಲ್ಲದುದಕ್ಕೂ ಒಂದು ದೃಷ್ಟಾಂತವುಂಟು. ಬೆನ್ನು, ಎದೆಗಳ ಮೇಲೆ ಅಂಟಿಸಿದಂತೆ ತೋರುವ ಕಂದುಬಣ್ಣದ ಒರಟು ಗುಳ್ಳೆಗಳು ಕೆಲವೇ ವಾರಗಳಲ್ಲಿ ಹತ್ತಾರಾಗಿ ಎದ್ದರೆ ಅದು ಒಳಗಿನ ಕ್ಯಾನ್ಸರಿನ ಗುರುತೆಂದು ಗ್ರಂಥಗಳು ಹೇಳುತ್ತವೆ. ಲೆಸರ್, ಟ್ರೆಲಾ ಎಂಬ ಇಬ್ಬರು ಶಸ್ತ್ರವೈದ್ಯರ ಹೆಸರಿನಿಂದ ಅದು ಪ್ರಸಿದ್ಧ. ವಿನೋದವೇನೆಂದರೆ, ಅವರಿಬ್ಬರೂ ಕಂಡದ್ದು ಈ ಕಂದು ಗುಳ್ಳೆಗಳನ್ನೇ ಅಲ್ಲ, ವಯಸ್ಸಾದವರಲ್ಲಿ ಕಾಣುವ ಸಣ್ಣ ಕೆಂಪು ಮಚ್ಚೆಗಳನ್ನು. ಕಂದು ಗುಳ್ಳೆಗಳ ನಂಟನ್ನು ಹೇಳಿದವರು 1900ರಲ್ಲಿ ಹೊಲಾಂಡರ್ ಎಂಬ ಬೇರೊಬ್ಬರು. ಈ ಗುಳ್ಳೆಗಳು ಮುಪ್ಪಿನಲ್ಲಿ ಅನೇಕರಿಗೆ ಬರುವುವು, ಕ್ಯಾನ್ಸರೂ ಮುಪ್ಪಿನಲ್ಲಿಯೇ ಹೆಚ್ಚು; ಎರಡೂ ಒಟ್ಟಿಗೆ ಸಿಕ್ಕುವುದರಲ್ಲಿ ಆಶ್ಚರ್ಯವೇನು ಎಂದು ಕೇಳುವ ವೈದ್ಯರು ಇಂದಿಗೂ ಇದ್ದಾರೆ.

ಉಗುರೂ ಚರ್ಮದ ಸಂತತಿಯೇ ಆದುದರಿಂದ, ಕುಳಿತಲ್ಲಿಯೇ ನೋಡಿಕೊಳ್ಳಬಹುದಾದ ಒಂದು ಗುರುತನ್ನು ಹೇಳುತ್ತೇವೆ. ಎರಡು ಕೈಗಳ ತೋರುಬೆರಳುಗಳನ್ನು ಉಗುರಿಗೆ ಉಗುರು ತಾಗುವಂತೆ ಬೆನ್ನುಬೆನ್ನಾಗಿ ಜೋಡಿಸಿ ಹಿಡಿಯಿರಿ. ಆರೋಗ್ಯವಂತರಲ್ಲಿ ಉಗುರುಗಳ ಬುಡದ ನಡುವೆ ವಜ್ರದ ಆಕಾರದ ಒಂದು ಸಣ್ಣ ಕಿಂಡಿ ಕಾಣುವುದು. ಬೆರಳತುದಿಗಳು ದುಂಡಗೆ ಊದಿ, ಉಗುರು ಗಿಣಿಯ ಕೊಕ್ಕಿನಂತೆ ಬಾಗಿದವರಲ್ಲಿ ಆ ಕಿಂಡಿಯು ಮುಚ್ಚಿಹೋಗಿರುವುದು. 1976ರಲ್ಲಿ ಇದನ್ನು ತಿಳಿಸಿದ ದಕ್ಷಿಣ ಆಫ್ರಿಕಾದ ಹೃದಯವೈದ್ಯರಾದ ಶಾಮ್‌ರಾತ್ ಅವರು ತಮಗೇ ಬಂದ ಹೃದ್ರೋಗದಲ್ಲಿ ತಮ್ಮ ಬೆರಳುಗಳನ್ನೇ ನೋಡಿ ಇದನ್ನು ಕಂಡುಕೊಂಡರು. ಬೀಡಿ, ಸಿಗರೇಟುಗಳ ಅಭ್ಯಾಸವುಳ್ಳ ನಡುವಯಸ್ಸಿನವರ ಬೆರಳುಗಳು ಹೊಸದಾಗಿ ಹೀಗೆ ಊದಿದರೆ ಶ್ವಾಸಕೋಶದ ಚಿತ್ರವನ್ನು ತೆಗೆಸುವುದು ಕರ್ತವ್ಯ. ಹೃದಯದ ಹುಟ್ಟುದೋಷ, ಶ್ವಾಸಕೋಶದ ಹಳೆಯ ಕೀವು, ಯಕೃತ್ತಿನ ರೋಗ ಮೊದಲಾದುವುಗಳಿಂದಲೂ ಇದು ಬರುವುದು. ಕೆಲವು ಮನೆತನಗಳಲ್ಲಿ ಹುಟ್ಟಿನಿಂದಲೇ ಇರುವುದೂ ಉಂಟು.

ಹಾಗಾದರೆ ವೈದ್ಯರಲ್ಲದ ನಾವು ಮಾಡಬೇಕಾದುದೇನು? ರೋಗದ ಹೆಸರುಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಮೈಮೇಲೆ ಏನಾದರೂ ಎದ್ದಾಗ ಐದು ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕು. ಇದು ನಮಗೆ ಹೊಸದೇ, ಹಳೆಯದೇ? ವಾರಗಳಲ್ಲಿ ಬೆಳೆಯುತ್ತಿದೆಯೇ, ವರ್ಷಗಳಲ್ಲಿಯೇ? ಈ ವಯಸ್ಸಿಗೆ, ಈ ಜಾಗಕ್ಕೆ ಇದು ಸಹಜವೇ? ಸರಿಯಾದ ಚಿಕಿತ್ಸೆಗೆ ಬಗ್ಗುತ್ತಿದೆಯೇ? ಜೊತೆಗೆ ಮೈಯಿಳಿತ, ಅರುಚಿ, ಬಿಡದ ಜ್ವರ, ರಾತ್ರಿಯ ಬೆವರು, ರಕ್ತಸ್ರಾವ, ನಿಶ್ಶಕ್ತಿ ಇವುಗಳಲ್ಲಿ ಯಾವುದಾದರೂ ಇದೆಯೇ? ಎಲ್ಲವೂ ಹಳೆಯದು, ನಿಧಾನವಾದುದು, ಸಹಜವಾದುದು ಎಂದು ಉತ್ತರ ಬಂದರೆ ನಿಶ್ಚಿಂತೆಯಿಂದಿರಬಹುದು. ಹೊಸದು, ತೀವ್ರವಾದುದು, ವಿಚಿತ್ರವಾದುದು, ಬಗ್ಗದುದು ಎಂದು ಬಂದರೆ ವೈದ್ಯರ ಬಳಿಗೆ ಹೋಗತಕ್ಕದ್ದು. ವೈದ್ಯರೂ ಇಡೀ ಮೈಯನ್ನು ಯಂತ್ರಕ್ಕೊಡ್ಡುವುದಿಲ್ಲ. ಕೇಳಿ, ಮುಟ್ಟಿ ನೋಡಿ, ರಕ್ತವನ್ನು ಪರೀಕ್ಷಿಸಿ, ಚರ್ಮದ ಚೂರನ್ನು ತೆಗೆದು ನೋಡಿ, ಗುರುತು ಯಾವ ಅಂಗದ ಕಡೆಗೆ ಕೈತೋರುತ್ತದೆಯೋ ಅಲ್ಲಿ ಹುಡುಕುತ್ತಾರೆ. ಕಂಡ ಕಂಡ ಪರೀಕ್ಷೆಗಳನ್ನೆಲ್ಲ ಮಾಡಿಸುವುದು ಬೆಟ್ಟವನ್ನಗೆದು ಇಲಿಯನ್ನು ಹಿಡಿದಂತೆ.

ನಮ್ಮಲ್ಲಿ ಎರಡು ಅಭ್ಯಾಸಗಳು ಈ ಗುರುತುಗಳನ್ನು ಅಳಿಸಿಬಿಡುತ್ತವೆ. ಅಂಗಡಿಗೆ ಹೋಗಿ, ವೈದ್ಯರ ಚೀಟಿಯಿಲ್ಲದೆ, ಸ್ಟೀರಾಯ್ಡ್ ಬೆರೆತ ಮುಲಾಮನ್ನು ಕೊಂಡು ಹಚ್ಚುವುದು ಒಂದು. ಅದು ಕೆಂಪನ್ನೂ ನವೆಯನ್ನೂ ಅಡಗಿಸುತ್ತದೆ, ರೋಗವನ್ನಲ್ಲ. ಹೊಗೆಗೆ ಮುಚ್ಚಳ ಹಾಕಿದರೆ ಬೆಂಕಿ ಆರುವುದಿಲ್ಲ. ಚರ್ಮದ ಕಾಯಿಲೆಗಳನ್ನೆಲ್ಲ ನಾಗದೋಷಕ್ಕೆ ಹಚ್ಚಿ ಕಾಲ ಕಳೆಯುವುದು ಇನ್ನೊಂದು. ಹರಕೆಯನ್ನು ಹೊತ್ತವರು ಸಲ್ಲಿಸಲಿ, ನಮ್ಮ ಆಕ್ಷೇಪಣೆಯಿಲ್ಲ. ಹರಕೆ ಸಲ್ಲುವ ದಿನದವರೆಗೆ ವೈದ್ಯರನ್ನು ಕಾಯಿಸಬಾರದೆಂದಷ್ಟೇ ನಮ್ಮ ಬೇಡಿಕೆ. ಮತ್ತೆ, ಕಾದ ಕಬ್ಬಿಣದ ಗುಂಡನ್ನೂ ಮರೆಯಬಾರದು. ಹೆಚ್ಚಿನ ಕ್ಯಾನ್ಸರುಗಳು ಚರ್ಮದಲ್ಲಿ ಯಾವ ಸುಳಿವನ್ನೂ ಕೊಡುವುದಿಲ್ಲ. ಚರ್ಮವು ಶುದ್ಧವಾಗಿದೆಯೆಂದು ಬಾಯಲ್ಲಿ ಮಾಯದ ಹುಣ್ಣನ್ನೂ ಸ್ತನದಲ್ಲಿ ಸಿಕ್ಕಿದ ಗಂಟನ್ನೂ ಕೆಮ್ಮಿನಲ್ಲಿ ಕಂಡ ರಕ್ತವನ್ನೂ ಅಲಕ್ಷ್ಯ ಮಾಡುವುದು ತಪ್ಪು.

ಪ್ಯಾರಿಸ್ ನಗರದಲ್ಲಿ ಅರ್ಮಾಂ ತ್ರೂಸೋ ಎಂಬ ದೊಡ್ಡ ವೈದ್ಯರಿದ್ದರು. ಚರ್ಮದಡಿಯ ರಕ್ತನಾಳಗಳು ಕಾರಣವಿಲ್ಲದೆ ಊದಿ ಹೆಪ್ಪುಗಟ್ಟಿ, ಒಂದು ಕಡೆ ಶಮನವಾಗಿ ಮತ್ತೊಂದು ಕಡೆ ತಲೆದೋರುತ್ತಿದ್ದರೆ ಒಳಗೆ ಕ್ಯಾನ್ಸರಿರಬಹುದೆಂದು 1865ರಲ್ಲಿ ಶಿಷ್ಯರಿಗೆ ಬೋಧಿಸಿದವರು ಅವರೇ. 1867ರ ಮೊದಲಲ್ಲಿ ಅದೇ ಗುರುತನ್ನು ತಮ್ಮ ಮೈಯಲ್ಲಿ ಕಂಡು, ತಮಗೆ ಬಂದಿರುವ ರೋಗವೇನೆಂಬುದರಲ್ಲಿ ಇನ್ನು ಸಂದೇಹವಿಲ್ಲವೆಂದು ಶಿಷ್ಯನಿಗೆ ಹೇಳಿದರು. ಅದೇ ವರ್ಷದ ಜೂನ್ ತಿಂಗಳಲ್ಲಿ ಉದರದ ಕ್ಯಾನ್ಸರಿನಿಂದ ತೀರಿಕೊಂಡರು. ಅವರ ಅನುಮಾನವು ತಪ್ಪಲಿಲ್ಲ. ಆದರೆ ಆ ಕಾಲದಲ್ಲಿ ತಿಳಿದೂ ಮಾಡಬಹುದಾದುದು ಏನೂ ಇರಲಿಲ್ಲ. ಇಂದು ಹಾಗಲ್ಲ. ಬೇಗ ಗುರುತಿಸಿದ ಅನೇಕ ಕ್ಯಾನ್ಸರುಗಳನ್ನು ಶಸ್ತ್ರದಿಂದಲೂ ಕಿರಣದಿಂದಲೂ ಔಷಧಿಯಿಂದಲೂ ಗುಣಪಡಿಸಬಹುದಾಗಿದೆ. ಗುಣವಾಗದ ಕಡೆಯಲ್ಲಿಯೂ ಆಯುಸ್ಸನ್ನು ಹೆಚ್ಚಿಸಬಹುದು, ನೋವನ್ನು ತಗ್ಗಿಸಬಹುದು. ಆ ವೈದ್ಯರಿಗೆ ತಮ್ಮ ಅರಿವಿನಿಂದ ದೊರಕದ ಪ್ರಯೋಜನವು ನಮಗೆ ದೊರಕುವ ಕಾಲ ಬಂದಿದೆ. ಅದಕ್ಕೆ ನಾವು ಸಲ್ಲಿಸಬೇಕಾದ ಬೆಲೆ ಬಹಳವಿಲ್ಲ: ನಮ್ಮ ಮೈಯನ್ನೂ ಮನೆಯ ಹಿರಿಯರ ಮೈಯನ್ನೂ ಆಗಾಗ ಬೆಳಕಿನಲ್ಲಿ ನೋಡುವುದು, ಕಂಡದ್ದನ್ನು ನಾಚದೆ ಹೇಳುವುದು, ವಾಸಿಯಾಗದುದನ್ನು ಮುಂದಕ್ಕೆ ಹಾಕದೆ ತೋರಿಸುವುದು.